ಕೋಸಿನ ಗಾಡಿಯ ಜೊತೆ ನಡೆದ ಮೇಷ್ಟ್ರು

ಅವತ್ತು ಲ್ಯಾಬಿನಲ್ಲಿ ಇದ್ದವರು ಮೂರೇ ಜನ. ಕಿಟಕಿ ಪಕ್ಕದ ಎತ್ತರದ ಸ್ಟೂಲಿನ ಮೇಲೆ ನಮ್ಮ ಮೇಷ್ಟ್ರು, ಸಿಂಕಿನ ಹತ್ತಿರ ಗಾಜಿನ ನಳಿಗೆಗಳನ್ನು ತೊಳೆಯುತ್ತಾ ನಾನು, ಬಾಗಿಲಾಚೆ ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತ ಚಿಕ್ಕತಾಯಮ್ಮ. ಈಕೆ ಕುವೆಂಪುನಗರದಲ್ಲಿ ತಳ್ಳುಗಾಡಿಯ ಮೇಲೆ ತರಕಾರಿ ಮಾರುವಾಕೆ. ನಾಲ್ಕನೆಯದು ಅಂತ ಲೆಕ್ಕ ಹಾಕಿದರೆ, ಆಕೆ ಮಡಿಲಿಂದ ತೆಗೆದು ಮೇಷ್ಟ್ರ ಮುಂದೆ ದೊಪ್ಪನೆ ಇಟ್ಟ ಒಂದು ನವಿಲುಕೋಸು.

"ಇದು ಏನ್ ಮಾಡ್ತು ಸಾರ್ ನಿಮ್ಗೆ?" ಅಂದಳು.

ಮೇಷ್ಟ್ರು ಕನ್ನಡಕವನ್ನು ಹಣೆಗೆ ಏರಿಸಿ ಕೋಸನ್ನು ನೋಡಿದರು. ಎಳೆಯದು, ಎಲೆಯ ಮೇಲೆ ಇನ್ನೂ ನೀರಿನ ಹನಿ ಇತ್ತು. ಅವರು ಏನು ಉತ್ತರ ಹೇಳಿದರು ಅನ್ನುವ ಮೊದಲು ಅವರು ಎಂಥವರು ಅಂತ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನಡೆದದ್ದನ್ನು ನೀವು ಕಟ್ಟುಕತೆ ಅಂದುಕೊಂಡೀರಿ.

ನಾನು ಅವರ ಕೈಕೆಳಗೆ ಹನ್ನೊಂದು ವರ್ಷ ಡೆಮಾನ್ಸ್ಟ್ರೇಟರ್ ಆಗಿದ್ದೆ. ಅವರು ಪಾಠ ಹೇಳುತ್ತಿದ್ದದ್ದು ಜೀವರಸಾಯನ ಶಾಸ್ತ್ರ. ಆದರೆ ಮನಸ್ಸೆಲ್ಲ ಇದ್ದದ್ದು ಗಂಟಲಿನಲ್ಲಿರುವ ಒಂದು ಸಣ್ಣ ಗ್ರಂಥಿಯ ಮೇಲೆ. ಥೈರಾಯ್ಡ್. ಅದರೊಳಗೆ ಒಂದು ಕಿಣ್ವ ಇದೆ, ಅದು ರಕ್ತದಿಂದ ಬಂದ ಅಯೋಡೈಡನ್ನು, ಅಂದರೆ ಉಪ್ಪಿನಲ್ಲಿ ಬರುವ ಅಯೋಡಿನ್ ಅಂಶವನ್ನು, ಹಿಡಿದು, ಹದ ಮಾಡಿ, ಪ್ರೋಟೀನಿಗೆ ಅಂಟಿಸಿ ಹಾರ್ಮೋನು ತಯಾರಿಸುತ್ತದೆ. ಈ ಕಿಣ್ವವನ್ನು ಯಾವ ಯಾವ ರಾಸಾಯನಿಕ ಬಂದು ತಡೆಯುತ್ತದೆ, ಎಷ್ಟು ತಡೆಯುತ್ತದೆ, ಅಯೋಡೈಡ್ ಜಾಸ್ತಿ ಇದ್ದರೆ ಏನಾಗುತ್ತದೆ, ಕಮ್ಮಿ ಇದ್ದರೆ ಏನಾಗುತ್ತದೆ, ಇಷ್ಟೇ ಅವರ ಪ್ರಪಂಚ. ಮೊದಲ ವರ್ಷದ ಹುಡುಗಿಯರಿಗೆ ಅದನ್ನೇ ಮದುವೆಮನೆ ಮಾಡಿ ಹೇಳುತ್ತಿದ್ದರು.

"ಕಿಣ್ವ ಅಂದ್ರೆ ಊಟಕ್ಕೆ ಹಾಕಿರೋ ಎಲೆ ಅನ್ಕೊಳ್ರಮ್ಮ. ಅಯೋಡೈಡ್ ಬಂದು ಅಲ್ಲಿ ಕೂರಬೇಕು. ಅಷ್ಟರಲ್ಲಿ ಕರೀದೇ ಇರೋ ನೆಂಟ ಯಾರೋ ಬಂದು ಕೂತ್ಬಿಡ್ತಾನೆ. ಅವನು ಕೂತಿದ್ದಷ್ಟು ಹೊತ್ತು ಅಯೋಡೈಡು ಕಂಬ ಹಿಡ್ಕೊಂಡು ನಿಂತಿರ್ಬೇಕು."

"ಎಬ್ಬಿಸೋಕಾಗಲ್ವಾ ಸಾರ್?"

"ಅಯೋಡೈಡ್ ಕಡೆಯೋರು ಗುಂಪಾಗಿ ಬಂದ್ರೆ ಕೆಲವು ನೆಂಟ್ರು ಎದ್ದು ಜಾಗ ಬಿಡ್ತಾರೆ. ಕೆಲವ್ರು ಮಾತ್ರ ಜಪ್ಪಯ್ಯ ಅಂದ್ರೂ ಏಳಲ್ಲ, ಎಲೇನೇ ಹಾಳ್ಮಾಡಿ ಹೋಗ್ತಾರೆ."

ಈ ಕಿಣ್ವ ಅಂಗಡಿಯಲ್ಲಿ ಸಿಗುವುದಿಲ್ಲವಲ್ಲ. ಮೇಕೆಯ ಗಂಟಲಿನಿಂದ ತೆಗೆಯಬೇಕು. ಮೇಷ್ಟ್ರು ಲಿಂಗವಂತರು, ಮಠದ ಹತ್ತಿರದ ಮನೆತನ, ಹಣೆತುಂಬ ವಿಭೂತಿ, ಎದೆಯ ಮೇಲೆ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವಂತಿರಲಿಲ್ಲ. ಇಂಥವರು ವಾರಕ್ಕೆರಡು ದಿನ ಬೆಳಗಿನ ಜಾವ ಫ್ಲಾಸ್ಕಿನಲ್ಲಿ ಐಸು ತುಂಬಿಕೊಂಡು ಮಟನ್ ಅಂಗಡಿಯ ಸಾಲಿನಲ್ಲಿ ನಿಲ್ಲುತ್ತಿದ್ದರು. ಅಂಗಡಿಯ ಭಾಯಿ ಮೊದಮೊದಲು ಇವರಿಗೆ ತಲೆ ಸರಿಯಿಲ್ಲ ಅಂದುಕೊಂಡಿದ್ದರಂತೆ. ಆಮೇಲೆ ಅವರಿಗೇ ಅಭ್ಯಾಸವಾಗಿ, ಗಂಟಲ ಗಂಟುಗಳನ್ನು ಬಾಳೆಲೆಯಲ್ಲಿ ಸುತ್ತಿಟ್ಟು "ಸಾರ್ ಮಾಲು" ಅಂತ ಬೇರೆಯಾಗಿಯೇ ಇಡುತ್ತಿದ್ದರು.

ಒಂದು ಸಲ ಮಠದ ಭಕ್ತರೊಬ್ಬರು ಆ ದಾರಿಯಲ್ಲಿ ಹೋಗುತ್ತಾ ನೋಡಿಬಿಟ್ಟರು. "ಏನ್ಸ್ವಾಮಿ, ತಾವು ಇಲ್ಲಿ?" ಅಂದರೆ ನಮ್ಮ ಮೇಷ್ಟ್ರು ಬೀದಿಗೆಲ್ಲ ಕೇಳುವ ಹಾಗೆ, "ಮಾಂಸಕ್ಕಲ್ಲ ಕಣ್ರೀ, ಕತ್ತಿಗೆ ಬಂದೆ!" ಅಂದರಂತೆ. ಅದು ಇನ್ನೂ ಕೆಟ್ಟಿತು. ಮಾತು ಮಠದವರೆಗೂ ಹೋಯಿತು. ಹಿರಿಯ ಸ್ವಾಮಿಗಳು ಇವರನ್ನು ಕರೆಸಿ, ಎಲ್ಲವನ್ನೂ ಕೇಳಿ, ಕೊನೆಗೆ, "ಕೈ ತೊಳ್ಕೊಂಡು ಪೂಜೆಗೆ ಕೂರ್ತೀರಲ್ಲ?" ಅಂತ ಒಂದೇ ಮಾತು ಕೇಳಿದರಂತೆ. "ತೊಳ್ಕೊಳ್ಳೋದೇನು ಬುದ್ಧೀ, ಸ್ನಾನಾನೇ ಮಾಡ್ತೀನಿ" ಅಂದರೆ, "ಹಾಗಾದ್ರೆ ಹೋಗಿ, ಕ್ಲಾಸಿಗೆ ಹೊತ್ತಾಯ್ತು" ಅಂದರಂತೆ. ಅಮ್ಮಾವ್ರು, ಅಂದರೆ ಮೇಷ್ಟ್ರ ಹೆಂಡತಿ, ಸ್ವಾಮಿಗಳಷ್ಟು ಸುಲಭಕ್ಕೆ ಒಪ್ಪಿದವರಲ್ಲ. ಹಿತ್ತಲ ಬಾಗಿಲಿಂದಲೇ ಬರಬೇಕು, ಬಚ್ಚಲಿಗೆ ನೇರ ಹೋಗಬೇಕು. "ನನ್ ತವರಿನ ಫ್ಲಾಸ್ಕು ಕಣಮ್ಮ ಅದು, ಕಾಫಿ ಹಾಕೋಕೆ ಅಂತ ಕೊಟ್ಟಿದ್ರು" ಅಂತ ನನ್ನ ಹತ್ತಿರ ಎಷ್ಟು ಸಲ ಹೇಳಿದ್ದರೋ.

ಇನ್ನು ಅವರ ಜಿಪುಣತನ. ಅದನ್ನು ಬಿಟ್ಟರೆ ಈ ಚಿತ್ರ ಅರ್ಧವೇ. ಸ್ವಂತ ವಿಷಯದಲ್ಲಿ ಅಲ್ಲ, ಲ್ಯಾಬಿನ ವಿಷಯದಲ್ಲಿ. ಸೋಸುವ ಕಾಗದವನ್ನು ನಾಲ್ಕಾಗಿ ಕತ್ತರಿಸುತ್ತಿದ್ದರು. ಒಡೆದ ನಳಿಗೆಯ ತುದಿಯನ್ನು ಬೆಂಕಿಯಲ್ಲಿ ಕಾಸಿ ದುಂಡಗೆ ಮಾಡಿ ಮತ್ತೆ ಬಳಸುತ್ತಿದ್ದರು. ಪೊಟ್ಯಾಶಿಯಂ ಅಯೋಡೈಡಿನ ಕಂದು ಸೀಸೆಗಂತೂ ಬೀಗ. ಬೆಳಕು ತಾಗಿದರೆ ಕೆಡುತ್ತದೆ ಅಂತ ಅದಕ್ಕೆ ಕರೀ ಬಟ್ಟೆ ಸುತ್ತಿ, ಬೀರುವಿನ ಮೇಲಿನ ಅಂಕಣದಲ್ಲಿ ಇಟ್ಟು, ಬೀಗದ ಕೈಯನ್ನು ಜನಿವಾರದವರು ಕಟ್ಟಿಕೊಳ್ಳುವ ಹಾಗೆ ಇವರು ಕರಡಿಗೆಯ ಶಿವದಾರಕ್ಕೇ ಕಟ್ಟಿಕೊಂಡಿದ್ದರು. ಸೀಸೆ ಖಾಲಿಯಾದರೆ ಇನ್ನೊಂದು ಯಾವಾಗ ಬರುತ್ತದೋ ಹೇಳುವ ಹಾಗಿರಲಿಲ್ಲ, ಅದೂ ನಿಜವೇ. "ಅರ್ಧ ಸಾಕು" ಅನ್ನುವುದು ಅವರ ಬಾಯಲ್ಲಿ ಉಸಿರಿನಷ್ಟು ಸಲೀಸು.

ಇನ್ನೊಂದು ಮಾತೂ ಅವರ ಬಾಯಲ್ಲಿ ಇರುತ್ತಿತ್ತು. "ಎಷ್ಟಿಗೆ ಎಷ್ಟು?" ಕಾಫಿ ಕುಡಿದರೆ ಪಿತ್ತ ಅಂತ ಯಾರಾದರೂ ಅಂದರೆ, ಎಷ್ಟು ಕಾಫಿಗೆ ಎಷ್ಟು ಪಿತ್ತ ಅಂತ ಕೇಳುವರು. ಬಿಸಿಲಿಗೆ ತಲೆನೋವು ಅಂದರೆ ಎಷ್ಟು ಬಿಸಿಲು ಅನ್ನುವರು. ಅಮ್ಮಾವ್ರು ಬೇಜಾರಾಗಿದೆ ಅಂದರೂ ಅದೇ ಪ್ರಶ್ನೆ ಕೇಳಿ, ಒಂದು ದಿನ ಊಟವಿಲ್ಲದೆ ಕಾಲೇಜಿಗೆ ಬಂದಿದ್ದರು.

ಇಂಥ ಮನುಷ್ಯ ಒಂದೇ ಒಂದು ಸಲ ಆ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಪ್ಯಾಕೆಟ್ಟಿನ ಅಯೋಡಿನ್ ಉಪ್ಪು ಮನೆಮನೆಗೂ ಬರುತ್ತಿದ್ದ ಕಾಲ. ಕುವೆಂಪುನಗರದ ಹೆಂಗಸರ ಸಂಘವೊಂದು ಥೈರಾಯ್ಡ್ ಬಗ್ಗೆ ಮಾತಾಡಲು ಇವರನ್ನು ಕರೆಯಿತು. ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಕಣ್ಣಿಗೆ ತೋರಿಸಬೇಕು ಅಂತ ಮೇಷ್ಟ್ರು ಹಟ ಹಿಡಿದರು. ಎರಡು ನಳಿಗೆ, ಎರಡರಲ್ಲೂ ಕಿಣ್ವ, ಅಯೋಡೈಡು, ಹೈಡ್ರೋಜನ್ ಪೆರಾಕ್ಸೈಡು. ಒಂದಕ್ಕೆ ಮಾತ್ರ ಹಸಿ ನವಿಲುಕೋಸಿನ ರಸ. ರಸವಿಲ್ಲದ ನಳಿಗೆ, ಕಿಣ್ವ ಕೆಲಸ ಮಾಡಿ, ಚಹಾದ ಬಣ್ಣಕ್ಕೆ ತಿರುಗಿತು. ರಸ ಹಾಕಿದ್ದು ನೀರಿನ ಹಾಗೆಯೇ ನಿಂತಿತು. ಸಭೆಯಲ್ಲಿ "ಅಯ್ಯೋ!" ಅನ್ನುವ ಒಂದು ಸದ್ದು ಎದ್ದಿತು ನೋಡಿ, ಮೇಷ್ಟ್ರ ಮುಖ ಹಬ್ಬದ ದಿನದ ಹಾಗೆ ಆಯಿತು. "ನೋಡಿದ್ರಾ, ಕೋಸಿನಲ್ಲಿರೋ ರಾಸಾಯನಿಕ ಕಿಣ್ವಾನ ತಡೆದ್ಬಿಡ್ತು" ಅಂದರು. ಅಯೋಡಿನ್ ಉಪ್ಪಿನ ಗುಣ ಮೊದಲೇ ಹೇಳಿ ಮುಗಿಸಿದ್ದರು, ಆ ಸಂತೋಷದಲ್ಲಿ ಮುಂದೆ ಬೇರೇನೂ ಹೇಳಲಿಲ್ಲ.

ಮೂರನೆಯ ದಿನ ಊರಿನ ಪತ್ರಿಕೆಯೊಂದರ ಮೂಲೆಯಲ್ಲಿ ನವಿಲುಕೋಸು ವಿಷ ಅನ್ನುವ ಅರ್ಥದಲ್ಲಿ ನಾಲ್ಕು ಸಾಲು ಬಂತು. ವಿಷ ಅಂತ ಮೇಷ್ಟ್ರು ಅಂದಿರಲಿಲ್ಲ. ಆದರೆ ಕುವೆಂಪುನಗರದಲ್ಲಿ ಯಾರ ಮನೆಯ ಗೇಟಿನ ಮುಂದೆ ಗಾಡಿ ನಿಂತರೂ ಹೆಂಗಸರು ಬೀನ್ಸು ಆರಿಸುವರು, ಬದನೆ ಆರಿಸುವರು, ಕೋಸನ್ನು ಬೆರಳಿನಿಂದಲೂ ಮುಟ್ಟುತ್ತಿರಲಿಲ್ಲ.

ಹಾಗಾಗಿಯೇ ಚಿಕ್ಕತಾಯಮ್ಮ ವಿಳಾಸ ಕೇಳಿಕೊಂಡು ಕಾಲೇಜಿಗೇ ಬಂದದ್ದು.

"ಮಂಡಕಳ್ಳಿ ತಾವ ನಮ್ದು ಎಲ್ಡೇ ಪಟ್ಟೆ ಜಮೀನು ಸಾರ್. ಈ ಸಲ ಇಡೀ ಕೋಸ್ನೇ ಆಕಿವ್ನಿ. ಇನ್ನೊಂದ್ ವಾರ ವೊಲದಲ್ಲೇ ಬುಟ್ರೆ ನಾರ್ ಬಿದ್ದೋಯ್ತದೆ, ದನಾನೂ ಮೂಸಲ್ಲ. ನೀವ್ ಅದೆಂಗೆ ಅಂಗಂದ್ರಿ?"

ಮೇಷ್ಟ್ರು ತಡವರಿಸಿದರು. "ನಾನು ವಿಷ ಅನ್ಲಿಲ್ಲಮ್ಮ. ಕಣ್ಮುಂದೆ ಪ್ರಯೋಗ ಮಾಡಿ ತೋರಿಸ್ದೆ. ರಸ ಹಾಕಿದ್ದಕ್ಕೆ ಬಣ್ಣ ಬರ್ಲಿಲ್ಲ, ಅಷ್ಟೇ."

"ಎಷ್ಟ್ ರಸ ಆಕುದ್ರಿ?"

ಸಿಂಕಿನ ಹತ್ತಿರ ನನ್ನ ಕೈ ನಿಂತುಹೋಯಿತು. ಅವರ ಪ್ರಶ್ನೆಯನ್ನು ಅವರಿಗೇ ಕೇಳಿದವರನ್ನು ಹನ್ನೊಂದು ವರ್ಷದಲ್ಲಿ ನಾನು ನೋಡಿರಲಿಲ್ಲ. ಪಾಪ, ಆಕೆಗೆ ಅದು ಅವರ ಪ್ರಶ್ನೆ ಅಂತಲೂ ಗೊತ್ತಿರಲಿಲ್ಲ.

"ಹಸೀದ್ ಅರ್ದು ಆಕುದ್ರಾ, ಬೇಯ್ಸಿ ಆಕುದ್ರಾ?"

"ಹಸೀದು."

"ಉಪ್ಪು?"

"ಉಪ್ಪು?" ಅಂದರು ಮೇಷ್ಟ್ರು.

"ಉಪ್ಪಿಲ್ದೆ, ಬೇಯಿಸ್ದೆ, ಹಸೀ ಕೋಸ್ನ ರಸ ಕುಡಿಯೋರು ಯಾವೂರ್ ಸಾರ್? ನಮ್ಮನೇಲಿ ವುಳಿ ಮಾಡ್ತೀವಿ, ಪಲ್ಯ ಮಾಡ್ತೀವಿ. ಈಗ ಪಾಕೀಟ್ ಉಪ್ಪೇ ಆಕೋದು, ಅದ್ರಲ್ಲಿ ಅದೇನೋ ಒಳ್ಳೇದ್ ಸೇರ್ಸವ್ರೆ ಅಂತ ನೀವೇ ಏಳುದ್ರಂತೆ."

ಮೇಷ್ಟ್ರು ಕೋಸನ್ನು ಕೈಗೆತ್ತಿಕೊಂಡು ಮಗುವಿನ ತಲೆ ಹಿಡಿದ ಹಾಗೆ ಹಿಡಿದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಅವತ್ತು ಅಯೋಡೈಡ್ ಎಷ್ಟು ಹಾಕಿದ್ವಮ್ಮ?" ಅಂತ ಕೇಳಿದರು.

ಈಗ ನನ್ನ ಪಾಲಿನ ತಪ್ಪನ್ನು ಒಪ್ಪಿಸುತ್ತೇನೆ. ಭಾಷಣದ ದಿನ ಬೆಳಿಗ್ಗೆ ಅವರು ಎಂದಿನಂತೆ "ಮಾಮೂಲಿನ ಅರ್ಧ ಸಾಕು, ಬಣ್ಣ ಬಂದ್ರಾಯ್ತು" ಅಂದಿದ್ದರು. ತೂಗಿದವಳು ನಾನು. ಸೀಸೆಯ ತಳ ಕಾಣುತ್ತಿತ್ತು, ಉಳಿಸಿದರೆ ಮೇಷ್ಟ್ರಿಗೆ ಖುಷಿಯಾಗುತ್ತದೆ ಅಂತ ಆ ಅರ್ಧದಲ್ಲೂ ಅರ್ಧ ತೆಗೆದಿದ್ದೆ.

"ಕಾಲು ಭಾಗ ಸಾರ್," ಅಂದೆ.

ಬೈಯುತ್ತಾರೆ ಅಂದುಕೊಂಡೆ. ಅವರು ಕೋಸನ್ನು ಮೆಲ್ಲಗೆ ಕೆಳಗಿಟ್ಟು, "ನನ್ನಿಂದ ಕಲಿತದ್ದೇ ಅಲ್ವೇನಮ್ಮ" ಅಂದರು. ಆಮೇಲೆ ಎಂದೂ, ಯಾರ ಮುಂದೆಯೂ, ನನ್ನ ಹೆಸರು ಎತ್ತಲಿಲ್ಲ. ತಪ್ಪಿನ ಮಾತು ಬಂದಾಗಲೆಲ್ಲ "ನಾನು ಕಮ್ಮಿ ಹಾಕಿದ್ದೆ" ಅಂತಲೇ ಹೇಳಿದರು.

ಚಿಕ್ಕತಾಯಮ್ಮನಿಗೆ, "ಮೂರು ದಿನ ಟೈಮ್ ಕೊಡಮ್ಮ. ಈ ಕೋಸು ಇಲ್ಲೇ ಇರ್ಲಿ" ಅಂದರು.

ಆ ಮೂರು ದಿನ ನಾನು ವಿದ್ಯಾರಣ್ಯಪುರಂನ ನಮ್ಮ ಮನೆಗೆ ಕಡೇ ಬಸ್ಸಿನಲ್ಲಿ ಹೋದೆ. ಮೇಷ್ಟ್ರು ಶಿವದಾರದಿಂದ ಬೀಗದ ಕೈ ಬಿಚ್ಚಿ ನನ್ನ ಕೈಗೇ ಕೊಟ್ಟುಬಿಟ್ಟಿದ್ದರು. ಹಸಿ ರಸ, ಬೇಯಿಸಿದ ಕೋಸಿನ ರಸ, ಅಮ್ಮಾವ್ರು ಬಯ್ಯುತ್ತಲೇ ಒಗ್ಗರಣೆ ಹಾಕಿ ಕೊಟ್ಟ ಪಲ್ಯದ ರಸ, ಒಂದೊಂದಕ್ಕೂ ಅಯೋಡೈಡ್ ಕಾಲು, ಅರ್ಧ, ಪೂರ್ತಿ, ಎರಡರಷ್ಟು, ನಾಲ್ಕರಷ್ಟು. ಕೋಸಿನ ರಸ ಕಿಣ್ವದ ಗೊಡವೆಗೇ ಹೋಗದೆ ತಾನಾಗಿಯೇ ಕೊಂಚ ಬಣ್ಣವನ್ನು ನುಂಗುತ್ತದೆ ಅನ್ನುವುದೂ ಆಗಲೇ ಗೊತ್ತಾದದ್ದು, ಅದನ್ನೂ ಬೇರೆಯಾಗಿ ನೋಡಿ ಲೆಕ್ಕದಿಂದ ಕಳೆದೆವು. ಮೇಕೆಯ ಗಂಟಲು ಸಾಲದೆ ಮೇಷ್ಟ್ರು ಮೂರು ದಿನವೂ ಮಟನ್ ಅಂಗಡಿಗೆ ಹೋದರು. "ಏನ್ಸಾರ್, ಮನೇಲಿ ಫಂಕ್ಷನ್ನಾ?" ಅಂತ ಭಾಯಿ ಕೇಳಿದರಂತೆ.

ಮೂರನೆಯ ದಿನ ಸಂಜೆ ನಳಿಗೆಗಳ ಸಾಲು ಬೆಳಕಿಗೆ ಹಿಡಿದು ನೋಡಿದೆವು. ಅಯೋಡೈಡ್ ಜಾಸ್ತಿಯಾದ ಹಾಗೆಲ್ಲ ಬಣ್ಣ ವಾಪಸು ಬಂದಿತ್ತು. ಬೇಯಿಸಿದ್ದರಲ್ಲಿ ಬೇಗ, ಹಸಿಯದರಲ್ಲಿ ನಿಧಾನಕ್ಕೆ. ನಾನು ಕುಣಿದಾಡಿಬಿಟ್ಟೆ. ಆದರೆ ಮೇಷ್ಟ್ರು ಕೊನೆಯ ನಳಿಗೆಯನ್ನು ಕೆಳಗಿಡಲೇ ಇಲ್ಲ.

"ಪೂರ್ತಿ ಬಂದಿಲ್ಲ ಕಣಮ್ಮ."

"ಸ್ವಲ್ಪಕ್ಕೆ ಸಾರ್. ಇಷ್ಟೇ ಇಷ್ಟು."

"ಇಷ್ಟೇ ಇಷ್ಟು ಕಮ್ಮಿ ಇದೆ ಅಲ್ವಾ. ಏಳದೇ ಇರೋ ನೆಂಟ್ರೂ ಇದ್ದಾರೆ ಅಂತ ಆಯ್ತು. ಅದನ್ನೂ ಹೇಳ್ಬೇಕು."

ಮಾರನೆಯ ದಿನ ಪತ್ರಿಕೆಗೆ ಕಾಗದ ಬರೆದರು. ಅದು ಅಚ್ಚಾಗಲಿಲ್ಲ. ಸಂಘದವರನ್ನು ಮತ್ತೊಮ್ಮೆ ಸೇರಿಸಿ ಅಂತ ಬೇಡಿಕೊಂಡರು. ಬಂದವರು ಏಳು ಜನ, ಅದರಲ್ಲಿ ಇಬ್ಬರು ಹಾಲ್ ಗುಡಿಸುವವರು. ಆ ಏಳು ಜನರ ಮುಂದೆಯೂ ನಳಿಗೆ ಹಿಡಿದು, "ಹೋದ ಸಲ ನಾನು ಅಯೋಡೈಡ್ ಕಮ್ಮಿ ಹಾಕಿ ನಿಮ್ಮನ್ನ ಹೆದರಿಸ್ಬಿಟ್ಟೆ" ಅಂತ ಕೈ ಮುಗಿದರು. ಇಷ್ಟಾದರೂ ಕೋಸು ಹೊಲದಲ್ಲೇ ಇತ್ತು. ದಿನ ಕಳೆಯುತ್ತಿತ್ತು.

ಆಗ ನಮ್ಮ ಮೇಷ್ಟ್ರು ಮಾಡಿದ್ದನ್ನು ಇನ್ಯಾವ ಮೇಷ್ಟ್ರೂ ಮಾಡಲಾರರು. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಬುಶ್ ಶರ್ಟು ತೊಟ್ಟು, ಕೊಡೆ ಹಿಡಿದು, ಚಿಕ್ಕತಾಯಮ್ಮನ ಗಾಡಿಯ ಜೊತೆ ಕುವೆಂಪುನಗರದ ಬೀದಿಗಿಳಿದರು. ಸ್ಕೂಟರಿನಲ್ಲಿ ಆಫೀಸಿಗೆ ಹೊರಟವರೆಲ್ಲ ಕಾಲು ಕೊಟ್ಟು ನಿಲ್ಲಿಸಿ ನೋಡುವವರೇ. ಪ್ರತಿ ಗೇಟಿನ ಮುಂದೆಯೂ ಇವರ ಭಾಷಣ.

"ಅಮ್ಮಾ, ನವಿಲುಕೋಸಿನ ವಿಷಯ ಹೇಳಿದ್ದು ನಾನೇ. ನನ್ನ ಪ್ರಯೋಗದಲ್ಲಿ ತಪ್ಪಿತ್ತು. ಕೋಸಿನಲ್ಲಿ ಥಯೋಸಯನೇಟ್ ಅಂತ ಒಂದಿದೆ..."

"ಈಗ ತಿನ್ಬೋದಾ ಬೇಡ್ವಾ ಸಾರ್?"

"ಎಷ್ಟು ತಿಂತೀರಮ್ಮ?"

ಹಿಂದೆ ಚಿಕ್ಕತಾಯಮ್ಮ ಗಾಡಿಯ ಹಿಡಿ ಹಿಡಿದು ಹಲ್ಲು ಕಡಿಯುವಳು. "ಸಾರ್, ಒಂದೊಂದ್ ಮನೇಗೂ ಇಂಗ್ ಪಾಠ ಮಾಡುದ್ರೆ ನನ್ ಸೊಪ್ಪು ಬಾಡೋಯ್ತದೆ. 'ತಿನ್ನಿ' ಅನ್ನಿ ಸಾಕು."

"ಅಷ್ಟೇ ಅಂದ್ರೆ ಮತ್ತೆ ತಪ್ಪಾಗುತ್ತಮ್ಮ."

"ಅಂಗಾರೆ ನೀವ್ ಬರ್ಬೇಡಿ ಬುಡಿ!"

ಎರಡನೆಯ ದಿನಕ್ಕೆ ಇಬ್ಬರೂ ಒಂದು ರಾಜಿಗೆ ಬಂದರು. ಭಾಷಣ ನಾಲ್ಕೇ ಮಾತು. ಹಸಿ ಬೇಡ, ಬೇಯಿಸಿ ತಿನ್ನಿ. ಅಯೋಡಿನ್ ಉಪ್ಪು ಹಾಕಿ. ದಿನಾ ಬೇಡ, ವಾರಕ್ಕೆ ಒಂದೆರಡು ಸಲ. ಥೈರಾಯ್ಡ್ ಮಾತ್ರೆ ತಗೊಳ್ಳುವವರು ಡಾಕ್ಟರನ್ನ ಕೇಳಿ.

"ಆ ಕೊನೇ ಎಲ್ಡು ಬುಟ್ಬುಡಿ ಸಾರ್," ಅಂದಳಂತೆ ಚಿಕ್ಕತಾಯಮ್ಮ. "ಯಾಪಾರ ಮಾಡೋರ್ ಬಾಯಲ್ಲಿ 'ದಿನಾ ಬ್ಯಾಡ' ಅಂತಾರಾ?"

"ಅದು ಬಿಟ್ರೆ ನಾನು ಮತ್ತೆ ಅಯೋಡೈಡ್ ಕಮ್ಮಿ ಹಾಕ್ದ ಹಾಗೇ ಕಣಮ್ಮ," ಅಂದರಂತೆ ಮೇಷ್ಟ್ರು. ಆಕೆಗೆ ಆ ಮಾತು ಅರ್ಥವಾಯಿತೋ ಇಲ್ಲವೋ, ಗೊಣಗುತ್ತಾ ಗಾಡಿ ತಳ್ಳಿದಳು.

ಒಂಬತ್ತು ದಿನ ನಡೆದರು. ಕೊಡೆಯ ನೆರಳಲ್ಲೂ ಮುಖ ಕಪ್ಪಾಯಿತು. ಅದೇ ಬಡಾವಣೆಯಲ್ಲಿದ್ದ ಮೇಷ್ಟ್ರ ಮನೆಯ ಮುಂದೆ ಗಾಡಿ ಬಂದಾಗ ಅಮ್ಮಾವ್ರು ಬಯ್ಯುತ್ತಲೇ ಮೊದಲ ದಿನ ಎರಡು ಕೋಸು ಕೊಂಡರು, ಎದುರುಮನೆಯವರು ಅದನ್ನು ನೋಡಿ ಒಂದು ಕೊಂಡರು. ಹಾಗೆ ಹಾಗೆ ನಿಧಾನಕ್ಕೆ ಗಾಡಿಯ ಮೇಲಿನ ಹಸಿರು ಗುಡ್ಡೆ ಕರಗತೊಡಗಿತು. ಎಲ್ಲವೂ ಹೋಗಲಿಲ್ಲ. ಒಂದು ಪಟ್ಟೆಯ ಕೋಸು ನಾರು ಬಿದ್ದೇ ಬಿದ್ದಿತು. ಇನ್ನೊಂದು ಪಟ್ಟೆ ಉಳಿಯಿತು. ಹತ್ತನೆಯ ದಿನ ಚಿಕ್ಕತಾಯಮ್ಮ, "ಇನ್ನ ಸಾಕು ಸಾರ್, ಮಕ್ಳಿಗೆ ಪಾಠ ಮಾಡೋಗಿ" ಅಂತ ತಾನೇ ಕಳಿಸಿಕೊಟ್ಟಳು.

ಆಮೇಲೆ ಲ್ಯಾಬಿನಲ್ಲಿ ಕಾಗದ ನಾಲ್ಕಾಗಿಯೇ ಕತ್ತರಿಸುತ್ತಿದ್ದರು, ಒಡೆದ ನಳಿಗೆ ಕಾಸಿಯೇ ಬಳಸುತ್ತಿದ್ದರು. ಆದರೆ ಬೀಗದ ಕೈಯನ್ನು ಮಾತ್ರ ನನ್ನಿಂದ ವಾಪಸು ಕೇಳಲಿಲ್ಲ. ಅಯೋಡೈಡ್ ತೂಗುವಾಗ ನಾನು ತಲೆ ಎತ್ತಿ ನೋಡಿದರೆ, ಅವರು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದರು. "ಅರ್ಧ ಸಾಕು" ಅನ್ನುವ ಮಾತು ನಾಲಿಗೆ ತುದಿಗೆ ಬಂದದ್ದು ಅವರ ಗಂಟಲಿನಲ್ಲೇ ಕಾಣುತ್ತಿತ್ತು. ನುಂಗಿಕೊಳ್ಳುತ್ತಿದ್ದರು.

ನಿವೃತ್ತಿಯಾಗಿ ಐದಾರು ವರ್ಷವಾದ ಮೇಲೆ, ಒಂದು ಬೆಳಿಗ್ಗೆ ಪೂಜೆಗೆ ಕುಳಿತವರು ಹಾಗೆಯೇ ಗೋಡೆಗೆ ಒರಗಿದರಂತೆ. ಸುದ್ದಿ ತಿಳಿದು ನಾನು ಹೋಗುವ ಹೊತ್ತಿಗೆ ಅವರನ್ನು ಪದ್ಮಾಸನದಲ್ಲಿ ಕೂರಿಸಿ, ವಿಭೂತಿ ಧರಿಸಿ, ಹೂವು ಏರಿಸಿದ್ದರು. ಮಟನ್ ಅಂಗಡಿಯ ಭಾಯಿ ಬಂದು ಕಾಂಪೌಂಡಿನ ಹೊರಗೇ ನಿಂತಿದ್ದರು. ಅಮ್ಮಾವ್ರೇ ಎದ್ದು ಹೋಗಿ, "ಮುಂಬಾಗಿಲಿಂದಾನೇ ಬನ್ನಿ" ಅಂತ ಕರೆತಂದರು.

ಅದಾಗಿ ಎರಡು ತಿಂಗಳ ಮೇಲೆ ಅಮ್ಮಾವ್ರನ್ನು ನೋಡಿಕೊಂಡು ಬರೋಣ ಅಂತ ಹೋಗಿದ್ದೆ. ಇಬ್ಬರೂ ಗೇಟಿನ ಹತ್ತಿರ ನಿಂತು ಮಾತಾಡುತ್ತಿದ್ದಾಗ ಚಿಕ್ಕತಾಯಮ್ಮನ ಗಾಡಿ ಬಂತು. ಕೂದಲು ನರೆತಿತ್ತು, ದನಿ ಹಾಗೆಯೇ ಇತ್ತು. ಎದುರುಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಹೆಂಗಸು ಇಳಿದು ಬಂದು ಎರಡು ನವಿಲುಕೋಸು ಕೈಗೆತ್ತಿಕೊಂಡು, "ಥೈರಾಯ್ಡ್ ಇರೋರು ಇದನ್ನ ತಿನ್ಬಾರ್ದು ಅಂತಾರಲ್ಲ, ಹೌದಾ?" ಅಂತ ಸುಮ್ಮನೆ ಕೇಳಿದಳು.

ಚಿಕ್ಕತಾಯಮ್ಮ ತಕ್ಕಡಿ ಕೆಳಗಿಟ್ಟಳು.

"ಹಸೀದ್ ಬ್ಯಾಡ, ಬೇಯ್ಸಿ ತಿನ್ನಿ. ಅಯೋಡಿನ್ ಉಪ್ಪಾಕಿ. ದಿನಾ ಬ್ಯಾಡ, ವಾರಕ್ಕೆ ಒಂದೆಲ್ಡ್ ಸಲ. ಮಾತ್ರೆ ತಕ್ಕೊಳೋರು ಡಾಕ್ಟ್ರುನ್ನ ಕೇಳಿ."

"ನಾನು ಮಾತ್ರೆ ತಗೋತೀನಿ," ಅಂದಳು ಆ ಹೆಂಗಸು.

"ಅಂಗಾರೆ ಕೇಳ್ಕಂಡೇ ತಕ್ಕೊಳಿ ಕಣಮ್ಮ."

ಆಕೆ ಕೋಸುಗಳನ್ನು ಗಾಡಿಯಲ್ಲಿಟ್ಟು ಒಳಗೆ ಹೋದಳು. ಚಿಕ್ಕತಾಯಮ್ಮ ಅವುಗಳನ್ನು ಗುಡ್ಡೆಗೆ ಸೇರಿಸಿ, ಒದ್ದೆ ಗೋಣಿ ಮುಚ್ಚಿ, ಗಾಡಿ ತಳ್ಳಿಕೊಂಡು ಮುಂದಿನ ಮನೆಗೆ ಹೊರಟಳು.